ಎಂಟು ಕುಲದ ಹೆಗಲು

ಸವತಿಯ ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ. ನೆಂಬಾರೆ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತುತ್ತಿದ್ದಾಗ, ಬಿದಿರುತಟ್ಟಿಯ ಆಚೆ ಯಾರೋ ತನ್ನ ಹೆಸರು ಹೇಳಿದ್ದು ಕೇಳಿಸಿತು. ಒಂದು ಸಲವಲ್ಲ, ಎರಡು ಸಲ. ಆಮೇಲೆ ಅಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಸುಮ್ಮನಾದರು. ಅವಳು ಒತ್ತುವುದನ್ನು ನಿಲ್ಲಿಸಿದಳು.

"ಒತ್ತೇ, ನಿಲ್ಲಿಸಬೇಡ," ಎಂದಳು ಪಕ್ಕದ ಮನೆಯ ತಿಂದಿವಿ. ಸಾವಿನ ಮನೆಗೆ ಬಂದ ಎಲ್ಲ ಹೆಂಗಸರ ಹಾಗೆ ಅವಳೂ ಮೈತುಂಬ ಬಿಳಿ ಜೇಡಿಮಣ್ಣು ಮೆತ್ತಿಕೊಂಡಿದ್ದಳು. ಕಣ್ಣು ಮತ್ತು ಬಾಯಿ ಮಾತ್ರ ಕಾಣುತ್ತಿದ್ದವು. "ಬದುಕಿದ್ದಾಗ ಯಾರಿಗೂ ಬಗ್ಗಲಿಲ್ಲ ಇವಳು. ಈಗ ನೋಡು, ಬಗ್ಗಿದ ಕಾಲು ನೆಟ್ಟಗೆ ಮಾಡ್ಕೊಳಲ್ಲ ಅಂತಾಳೆ."

"ನಾಲ್ಕು ತಿಂಗಳು ಒಲೆ ಮುಂದೆ ಮುದುರಿ ಮಲಗಿದ್ದಳಲ್ಲ."

"ಪೆಟ್ಟಿಗೆನೂ ಗಿಡ್ಡ. ಆ ಗುರುಮಠದ ಪಾದ್ರಿ ಹುಡುಗ್ರಿಗೆ ಮಂತ್ರ ಬರತ್ತೆ, ಅಳತೆ ಬರಲ್ಲ."

ಮೂಲೆಯಲ್ಲಿ ಅಳುತ್ತಿದ್ದ ಒಬ್ಬಿಬ್ಬರು ಅಳು ನಡುವೆಯೇ ಕಿಸಕ್ಕೆಂದರು. ನೆಂಬಾರೆಗೂ ನಗು ಬಂತು. ಮೊಣಕಾಲು ಒಣ ಕಡ್ಡಿಯ ಹಾಗೆ ಲಟಕ್ ಎಂದು ಸದ್ದು ಮಾಡಿ ಕೊನೆಗೂ ಕೆಳಗಿಳಿಯಿತು. ಅವಳು ಸತ್ತವಳ ಲಂಗವನ್ನು ಕೆಳಕ್ಕೆಳೆದು ಸರಿಮಾಡಿದಳು. ವಂದಾಮೆ ಊದಿಕೊಂಡ ಹೊಟ್ಟೆ ಹೊತ್ತು ಮೊನ್ನೆ ಬೆಳಗ್ಗೆ ಸತ್ತಿದ್ದಳು. ಆರೋಗ್ಯ ಕೇಂದ್ರದವರು ಬಿಳಿ ಮಾತ್ರೆ ಕೊಟ್ಟು, ಹಾಗೆನ್ ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಿ ಎಂದಿದ್ದರು. ಹೋಗಲು ಲಾರಿ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ವಂದಾಮೆ ಹತ್ತುತ್ತಿರಲಿಲ್ಲ.

ತಿಂದಿವಿ ಹತ್ತಿರ ಸರಿದು, ಹೆಣದ ತಲೆ ಬಾಚುವ ನೆಪದಲ್ಲಿ ಪಿಸುಗುಟ್ಟಿದಳು. "ಕೈಪಾಸ್ ಬೆಳಗ್ಗೆಯಿಂದ ಕಬ್ಬಿಣ ಕಾಯಿಸ್ತಿದಾನೆ. ಲಾರಿ ಸ್ಪ್ರಿಂಗ್ ಪಟ್ಟಿ. ಯಾರಿಗೆ ಅಂತ ನಾನು ಕೇಳಿಲ್ಲ."

"ಹಂದಿ ಕೂದಲು ಸುಡೋಕಿರಬೇಕು."

"ಹಂದಿ ಇನ್ನೂ ಹೊಡೆದೇ ಇಲ್ಲ ಕಣೇ. ಹಿಂದಿನ ತಟ್ಟಿ ಸಡಿಲ ಇದೆ. ತೋಟದಲ್ಲಿಳಿದು ಹೊಳೆ ಕಡೆ ಹೋಗಿಬಿಡು."

ನೆಂಬಾರೆ ಸತ್ತವಳ ಎಡಗೈಯನ್ನು ಎತ್ತಿ ಎದೆಯ ಮೇಲಿಟ್ಟಳು. ಆ ಕೈಯಲ್ಲಿ ಎರಡು ಬೆರಳಿರಲಿಲ್ಲ. "ಇನ್ನೊಂದು ಕಾಲು ಬಾಕಿ ಇದೆ," ಎಂದಳು.

*

ಪಾಯಾಕು ಎರಡನೇ ಹೆಂಡತಿಯಾಗಿ ಕರೆತಂದಾಗ ನೆಂಬಾರೆಗೆ ಹತ್ತೊಂಬತ್ತು. ವಂದಾಮೆಗೆ ಮೂವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಮೊದಲ ಮೂರು ದಿನ ವಂದಾಮೆ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಹೊಸಬಳ ಪಾತ್ರೆಯನ್ನು ಅಂಗಳಕ್ಕೆಸೆದು, "ನನ್ನ ಒಲೆ ಬೂದಿ ಕೂಡ ನಿಂದಲ್ಲ," ಎಂದಳು.

ಸವತಿಯರ ಜಗಳ ಆ ಕಣಿವೆಗೆ ಹೊಸದಲ್ಲ. ಆದರೆ ಇವರಿಬ್ಬರ ಜಗಳ ನೋಡಲು ಮೇಲಿನ ಕೇರಿಯವರೂ ಇಳಿದು ಬರುತ್ತಿದ್ದರು. ಒಂದು ದಿನ ಗೆಣಸಿನ ಪಾತಿಯ ಗಡಿಯ ಮೇಲೆ ಮಾತು ಬೆಳೆಯಿತು. ನೆಂಬಾರೆಯ ಕೈಯಲ್ಲಿ ಮಚ್ಚಿತ್ತು. ಕಸಿದುಕೊಳ್ಳಲು ವಂದಾಮೆ ಅಲಗನ್ನೇ ಹಿಡಿದಳು. ನೆಂಬಾರೆ ಎಳೆದಳು. ಎರಡು ಬೆರಳು ಪಾತಿಯೊಳಗೆ ಬಿದ್ದವು. ವಂದಾಮೆ ಕಿರುಚಲಿಲ್ಲ; ಮೇಲೆ ಬಿದ್ದು ನೆಂಬಾರೆಯ ಕಿವಿ ಕಚ್ಚಿ, ಕಿವಿಯ ತುದಿಯನ್ನು ಉಗುಳಿದಳು. ಪಾಯಾಕು ಬೇಲಿಯ ಗೂಟ ಕಿತ್ತು ಇಬ್ಬರಿಗೂ ಬಡಿದ. ಸಂಜೆ ಆರೋಗ್ಯ ಕೇಂದ್ರದಲ್ಲಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿದರು. ಇನ್ನೊಂದು ಚಾಪೆ ಇರಲಿಲ್ಲ.

ಬಹಳ ಹೊತ್ತು ಇಬ್ಬರೂ ಛಾವಣಿ ನೋಡುತ್ತ ಮಲಗಿದ್ದರು.

"ಬೆರಳು ಎಲ್ಲಿ?" ಎಂದು ಕೇಳಿದಳು ವಂದಾಮೆ.

"ಹಂದಿ ತಿಂತು."

"ಯಾರ ಹಂದಿ?"

"ನಿಂದೇ."

ವಂದಾಮೆ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಮನೇಲೇ ಇದೆ ಬಿಡು," ಎಂದಳು.

ಆಮೇಲೂ ಹತ್ತು ಹನ್ನೊಂದು ವರ್ಷ ಅವರು ಬೈದಾಡಿದರು, ಕೂದಲು ಹಿಡಿದು ಹೊರಳಾಡಿದರು. ಮಚ್ಚು ಮಾತ್ರ ಹಿಡಿಯಲಿಲ್ಲ.

*

ಇನ್ನೊಂದು ಕಾಲನ್ನು ಸರಿಮಾಡುವಷ್ಟರಲ್ಲಿ ಬಾಗಿಲ ಬೆಳಕಿಗೆ ಅಡ್ಡವಾಗಿ ಕೈಪಾಸ್ ಒಳಗೆ ಬಂದ. ಪಾಯಾಕುವಿನ ತಮ್ಮನ ಮಗ, ಮೂವತ್ತರ ಗಂಡಸು. ಎರಡು ತಿಂಗಳ ಹಿಂದೆ ಅವನ ನಾಲ್ಕು ವರ್ಷದ ಮಗಳು ಜ್ವರದಲ್ಲಿ ಹೋಗಿದ್ದಳು. ಅಂದಿನಿಂದ ಅವನು ಗಡ್ಡ ತೆಗೆದಿರಲಿಲ್ಲ, ನೆಟ್ಟಗೆ ಉಂಡಿರಲಿಲ್ಲ. ಕಣ್ಣು ಹೊಗೆ ಹಿಡಿದವನ ಕಣ್ಣಿನ ಹಾಗಿತ್ತು. ಹಿಂದೆ ಐದಾರು ಮಂದಿ ತರುಣರಿದ್ದರು.

"ಚಿಕ್ಕವ್ವ, ಹೊರಗೆ ಬಾ."

"ಕೆಲಸ ಇದೆ."

"ದೊಡ್ಡವ್ವಂಗೆ ಕೊನೇ ದಿನ ಸಾರು ಮಾಡಿ ಕೊಟ್ಟೋರು ಯಾರು?"

"ನಾನೇ. ನಾಲ್ಕು ತಿಂಗಳೂ ನಾನೇ. ನೀನೇನಾದ್ರೂ ತಂದಿದ್ಯಾ?"

"ನನ್ನ ಮಗಳಿಗೆ ಗೆಣಸು ಸುಟ್ಟು ಕೊಟ್ಟೋರು ಯಾರು?"

ಆ ಮಗು ದಿನವೂ ಇವರ ಒಲೆಯ ಹತ್ತಿರ ಬಂದು ಕೂರುತ್ತಿತ್ತು; ಗೆಣಸು ಕೊಡದೆ ಹೇಗೆ ಕಳಿಸುವುದು.

"ಒಂದು ಮನೆತನ, ಒಂದೇ ಕಾಲದಲ್ಲಿ ಎರಡು ಹೆಣ," ಎಂದ ಕೈಪಾಸ್ ಹಿಂದೆ ತಿರುಗಿ, ಎಲ್ಲರಿಗೂ ಕೇಳುವಂತೆ. ಬಗ್ಗಿ ಸತ್ತವಳ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿದ. "ನೋಡಿ ಈ ಕೈನ! ಮೊದಲು ಬೆರಳು ತಿಂದಳು. ಈಗ ಮಾಟ ಮಾಡಿ ಗುಂಡಿಗೆ."

ನೆಂಬಾರೆಯ ತಲೆಗೂದಲು ಹಿಡಿದು ಹೊರಗೆಳೆದರು. ಬಾಗಿಲ ಕಂಬ ಅವಳ ಸೊಂಟಕ್ಕೆ ತಾಗಿತು. ಅಂಗಳದಲ್ಲಿ ನೂರಕ್ಕೆ ಕಡಿಮೆಯಿಲ್ಲದ ಜನ ಕೂತಿದ್ದರು. ಹೆಂಗಸರು ಒಂದು ಕಡೆ ಮಣ್ಣಿನ ಗುಡ್ಡೆಗಳ ಹಾಗೆ, ಗಂಡಸರು ಇನ್ನೊಂದು ಕಡೆ ಮಚ್ಚು ಮೊಣಕಾಲ ಮೇಲಿಟ್ಟುಕೊಂಡು. ನಡುವೆ ಬೆಂಕಿ. ಬೆಂಕಿಯಲ್ಲಿ ಲಾರಿಯ ಪಟ್ಟಿ ಕೆಂಪಗಾಗಿತ್ತು. ಪ್ರಾರ್ಥನೆ ಓದಿಸಬೇಕಾಗಿದ್ದ ಉಪದೇಶಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕಾಫಿ ಗಿಡಗಳ ಮರೆಗೆ ಸರಿಯುತ್ತಿದ್ದ.

ಮೊದಲ ಏಟು ಬೇಲಿ ಗೂಟದ್ದು. ತಡೆಯಲು ಎತ್ತಿದ ಬಲಗೈ ಮೊಣಕೈಯ ಕೆಳಗೆ ಮುರಿಯಿತು. ಮುರಿದ ಸದ್ದು ಅವಳಿಗೆ ನೋವಿಗಿಂತ ಮೊದಲು ಕೇಳಿಸಿತು. ಆಮೇಲೆ ಕಾಲುಗಳು, ಬೆನ್ನು, ಮತ್ತೆ ಕಾಲುಗಳು. ಅವಳನ್ನು ಗಾಳಿಮರದ ಬುಡಕ್ಕೆ ತಂದು ಕೂರಿಸಿ ಎದೆಗೆ ಹಗ್ಗ ಸುತ್ತಿದರು.

"ಒಪ್ಕೋ. ಒಪ್ಕೊಂಡ್ರೆ ಬೇಗ ಮುಗೀತದೆ," ಎಂದ ಒಬ್ಬ ತರುಣ. ಅವನು ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ.

ನೆಂಬಾರೆ ಹೆಂಗಸರ ಕಡೆ ನೋಡಿದಳು. ತಿಂದಿವಿ ನೆಲ ನೋಡುತ್ತಿದ್ದಳು. ಅವಳ ಮೇಲೆ ಕೋಪ ಬರಲಿಲ್ಲ. ಏಳು ವರ್ಷದ ಹಿಂದೆ ಮೇಲಿನ ಕೇರಿಯ ವಿಧವೆಯೊಬ್ಬಳನ್ನು ಹೀಗೇ ಕಟ್ಟಿದಾಗ ತಾನೂ, ವಂದಾಮೆಯೂ, ಇದೇ ತಿಂದಿವಿಯ ಪಕ್ಕದಲ್ಲಿ ಕೂತು ನೆಲ ನೋಡಿದ್ದರು. ಅವತ್ತು ಸಂಜೆ ವಂದಾಮೆ ಉಣ್ಣಲಿಲ್ಲ. "ನಾವಿಬ್ರೂ ನೆಲ ನೋಡಿದ್ವಲ್ಲ, ನೆಲದಲ್ಲಿ ಏನಿತ್ತೇ?" ಎಂದು ಕೇಳಿದ್ದಳು. ನೆಂಬಾರೆ "ಸುಮ್ನೆ ತಿನ್ನು" ಎಂದು ಗದರಿದ್ದಳು.

ಇನ್ನೊಂದು ಯೋಚನೆಯೂ ಬಂತು, ಅದು ಏಟಿಗಿಂತ ಕೆಟ್ಟದ್ದು. ಮಾಟ ಒಳಗೆ ಕೂತವಳಿಗೆ ಅದು ಕೂತಿರುವುದು ಗೊತ್ತಾಗುವುದಿಲ್ಲ, ಮಲಗಿದಾಗ ಬಾಯಿಂದ ಹೊರಟು ಬೇಕಾದವರನ್ನೇ ತಿಂದು ಬರುತ್ತದೆ ಎಂದು ಅವಳ ತಾಯಿಯೇ ಹೇಳುತ್ತಿದ್ದಳು. ತಾನು ಆ ನಾಲ್ಕು ತಿಂಗಳು ಸವತಿಯ ಪಕ್ಕದಲ್ಲೇ ಮಲಗಿದ್ದವಳು. ಹಾಗೇನಾದರೂ...

"ಒಪ್ಕೋ!" ಎಂದ ಕೈಪಾಸ್. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ನನ್ನ ಮಗೂನ ಯಾಕೆ ತಿಂದೆ ಅಂತ ಒಂದು ಮಾತು ಹೇಳು, ಸಾಕು."

*

ಹದಿನೆಂಟು ವರ್ಷದ ಹಿಂದೆ, ಕೊಲಾಪಿ ಕುಲದವರು ಗುಡ್ಡ ಇಳಿದು ಬಂದ ದಿನ ಪಾಯಾಕು ಬಾಗಿಲಲ್ಲೇ ಬಿದ್ದ. ಬಾಣವಲ್ಲ, ಬಂದೂಕು. ಬೆಂಕಿ ಹುಲ್ಲಿನ ಮಾಡುಗಳನ್ನು ಒಂದಾದ ಮೇಲೊಂದು ನೆಕ್ಕುತ್ತ ಬಂತು. ವಂದಾಮೆ ಒಂದು ಮರಿಹಂದಿಯನ್ನು ಕಂಕುಳಲ್ಲಿ ಅವುಚಿ, ಇನ್ನೊಂದು ಕೈಯಲ್ಲಿ ಸವತಿಯ ಜಡೆ ಹಿಡಿದು ಎಳೆದುಕೊಂಡು ಮೇಂಗಾ ಹೊಳೆಗೆ ಇಳಿದಳು.

ಹೊಳೆಯಾಚೆ ಗುರುಮಠವಿತ್ತು, ಪಾದ್ರಿಗಳಾಗಲು ಬಂದ ಹುಡುಗರು ಎಂಟು ವರ್ಷ ಓದುವ ಜಾಗ. ಗೇಟು ತೆರೆದಿತ್ತು. ಏಳು ವಾರ ಇಬ್ಬರೂ ಅಲ್ಲಿನ ಪಾಠದ ಕೋಣೆಯ ನೆಲದ ಮೇಲೆ ಮಲಗಿದರು. ಹುಡುಗರು ತಮ್ಮ ಕಂಬಳಿ ಕೊಟ್ಟು ಚಳಿಯಲ್ಲಿ ನಡುಗಿದರು. ಅವರ ಅಡುಗೆಮನೆಯಲ್ಲಿ ಗೆಣಸೂ ಸಾಕಷ್ಟಿರಲಿಲ್ಲ. ದಿನಕ್ಕೆ ಒಂದು ಹೊತ್ತು ಎಲೆಯ ನೀರು ಕುಡಿದು ಲ್ಯಾಟಿನ್ ಓದುತ್ತಿದ್ದರು.

"ಈ ದೇವರು ತನ್ನ ಆಳುಗಳಿಗೆ ಕೂಳು ಹಾಕಲ್ವಾ?" ಎಂದು ವಂದಾಮೆ ಮಠದ ಹಿರಿಯ ಪಾದ್ರಿಯನ್ನೇ ಕೇಳಿದಳು.

"ಅವನು ನಿನ್ನಂಥೋರ ಕೈಲಿ ಕಳಿಸ್ತಾನೆ ಅಂತ ಕಾಯ್ತಿದೀವಿ," ಎಂದ ಮುದುಕ.

"ನನ್ನ ಕೈಲಿ ಬೆರಳೇ ಎಂಟು."

ಊರಿಗೆ ಮರಳಿ ಮನೆ ಕಟ್ಟಿಕೊಂಡ ವರ್ಷವೇ ಅವಳು ಹೊಳೆಯ ಬದಿಯ ತೋಟದ ಅರ್ಧವನ್ನು ಮಠಕ್ಕೆಂದು ಬಿಟ್ಟಳು. ವಾರಕ್ಕೊಮ್ಮೆ ಹಣೆಗೆ ಬಲೆಚೀಲದ ಪಟ್ಟಿ ಬಿಗಿದು, ಬೆನ್ನು ಮುರಿಯುವಷ್ಟು ಗೆಣಸು ಹೊತ್ತು ತೂಗುಸೇತುವೆ ದಾಟುತ್ತಿದ್ದಳು. ವರ್ಷಕ್ಕೊಂದು ಹಂದಿ. ಒಂದು ವರ್ಷ ಕೊಬ್ಬಿದ, ಸೋಮಾರಿ ಹಂದಿಗೆ 'ಬಿಷಪ್' ಎಂದು ಹೆಸರಿಟ್ಟಿದ್ದಳು. "ಬಿಷಪ್ಪನ್ನ ತಂದಿದೀನಿ, ಕಡೀರಿ" ಎಂದು ಮಠದ ಅಂಗಳದಲ್ಲಿ ಕೂಗಿದಾಗ ಪಾದ್ರಿ ಬೆಚ್ಚಿಬಿದ್ದಿದ್ದ.

ನೆಂಬಾರೆಗೆ ಇದು ಮೈಯುರಿ. "ಗಂಡನ್ನ ಕೊಂದೋರ ಮಕ್ಕಳೂ ಅಲ್ಲಿದಾರೆ. ಅವರ ಹೊಟ್ಟೆಗೂ ನಮ್ಮ ಗೆಣಸಾ?" ಎಂದು ಕೂಗಾಡುತ್ತಿದ್ದಳು.

ಅದು ವಂದಾಮೆಗೂ ಗೊತ್ತಿತ್ತು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಗೆಣಸು ಹಂಚುವಾಗ ಒಬ್ಬೊಬ್ಬನನ್ನೂ ಕುಲ ಕೇಳುತ್ತಿದ್ದಳು. ಆರು ವರ್ಷದ ಹಿಂದೆ ಬೆನೆಡಿಕ್ಟ್ ಲಾಪು ಎಂಬ ಸಣಕಲು ಹುಡುಗ ತಲೆ ತಗ್ಗಿಸಿ "ಕೊಲಾಪಿ" ಎಂದಾಗ, ಅವನ ಕೈಗಿಟ್ಟ ಗೆಣಸನ್ನು ಮತ್ತೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಮೂರು ವಾರ ಹಾಗೇ ಮಾಡಿದಳು. ನಾಲ್ಕನೆಯ ವಾರ ಎಲ್ಲಕ್ಕಿಂತ ದೊಡ್ಡ ಗೆಣಸು ಆರಿಸಿ ಅವನಿಗೆ ಕೊಟ್ಟಳು.

"ಯಾಕೆ?" ಎಂದು ನೆಂಬಾರೆ ಸಿಡುಕಿದ್ದಕ್ಕೆ, "ಅವನು ತಿನ್ನೋದನ್ನ ದೂರದಿಂದ ನೋಡಿದೆ ಕಣೇ. ಎಂಟು ಕುಲದ ಹುಡುಗ್ರು, ಒಂದೇ ಪಾತ್ರೆ. ನಮ್ಮನ್ನ ಕೊಂದೋರು, ನಾವು ಕೊಂದೋರು. ಎಲ್ಲಾ ಒಂದೇ ಥರ ನುಂಗ್ತಾರೆ," ಎಂದಳು.

ಮೂರು ವರ್ಷದಿಂದ ವಂದಾಮೆಯ ಕಾಲು ಕೈಕೊಟ್ಟ ಮೇಲೆ ಚೀಲ ಹೊತ್ತದ್ದು ನೆಂಬಾರೆ. ದಾರಿಯುದ್ದಕ್ಕೂ ಬೈಯುತ್ತ ಹೊತ್ತಳು. ಒಂದು ವಾರವೂ ತಪ್ಪಿಸಲಿಲ್ಲ.

*

ಸೂರ್ಯ ನೆತ್ತಿಗೆ ಬಂದಾಗ ಸೇತುವೆಯ ಕಡೆಯಿಂದ ಹಾಡು ಕೇಳಿಸಿತು. ಮಾತಿನಂತೆ ಹೆಣ ಹೊರಲು ಗುರುಮಠದ ಹುಡುಗರು ಬರುತ್ತಿದ್ದರು. ತನ್ನನ್ನು ಹೊಳೆಯಾಚೆ ಮಠದ ಬದಿಯಲ್ಲೇ ಹೂಳಬೇಕೆಂದು ವಂದಾಮೆ ಸಾಯುವ ಮೊದಲು ಕುಲದ ಹಿರಿಯನಿಂದ ಭಾಷೆ ತೆಗೆದುಕೊಂಡಿದ್ದಳು. ಪಾದ್ರಿ ಹಾಗೆನ್‌ಗೆ ಹೋಗಿದ್ದ, ಹಾಗಾಗಿ ಹುಡುಗರೇ ಬಂದಿದ್ದರು. ಎಂಟು ಜನ, ಬಿಳಿ ನಿಲುವಂಗಿ, ಕೆಸರಾದ ಬರಿಗಾಲು. ಮುಂದಿದ್ದವನು ಬೆನೆಡಿಕ್ಟ್.

ಗಾಳಿಮರದ ಬುಡದಲ್ಲಿ ಕಟ್ಟಿಹಾಕಿದ ಹೆಂಗಸನ್ನು ಕಂಡು ಹಾಡು ಅರ್ಧಕ್ಕೇ ನಿಂತಿತು.

ಅವರನ್ನು ನೋಡಿ ಗಂಡಸರು ಎದ್ದರು. "ಕೊಲಾಪಿ ನಾಯಿ ನಮ್ಮ ಯಾಂಬಾ ಕುಲದ ಅಂಗಳಕ್ಕೆ ಕಾಲಿಟ್ಟಿದೆ ನೋಡ್ರೋ!" ಎಂದ ಒಬ್ಬ.

"ಹೌದಣ್ಣ, ಇಟ್ಟಿದೀನಿ," ಎಂದ ಬೆನೆಡಿಕ್ಟ್. "ಅಜ್ಜಿ ಹೊರೋಕೆ ಹೇಳಿದ್ಲು, ಬಂದೆ. ಈ ಅಮ್ಮನ್ನ ಯಾಕೆ ಕಟ್ಟಿದೀರ?"

"ಅವಳೇ ತಿಂದಿದಾಳೆ."

"ನೀನು ನೋಡಿದ್ಯಾ?"

ಕೈಪಾಸ್ ಅವನ ಎದೆಗೆ ಕೈಯಿಟ್ಟು ದೂಡಿದ. "ನೋಡೋದು ಬೇಕಾಗಿಲ್ಲ. ಸತ್ತೋಳನ್ನೇ ಕೇಳ್ತೀವಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಅದು ಹಳೆಯ ಪದ್ಧತಿ: ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಸತ್ತವರನ್ನು ಕೇಳಿದರೆ, ಕೊಂದವರ ಕಡೆಗೆ ಅವರೇ ಪೆಟ್ಟಿಗೆ ನಡೆಸುತ್ತಾರೆ. ಕೈಪಾಸ್ ತನ್ನ ಕಡೆಯ ತರುಣರಿಗೆ ಕಣ್ಣಲ್ಲೇ ಸನ್ನೆ ಮಾಡಿದ.

"ಅವರು ಬೇಡ," ಎಂದ ಬೆನೆಡಿಕ್ಟ್ ತಟ್ಟನೆ. ಕುಲದ ಹಿರಿಯ ಮುದುಕನ ಕಡೆ ತಿರುಗಿ, ಜೊತೆಯವರನ್ನು ಒಬ್ಬೊಬ್ಬರಾಗಿ ತೋರಿಸುತ್ತ ಹೇಳಿದ. "ಅಜ್ಜ, ನಿಮ್ಮೋರು ಹೊತ್ರೆ ನಾಳೆ ಜನ ಏನಂತಾರೆ? ಕೈಪಾಸೇ ತಳ್ಳಿದ ಅಂತಾರೆ. ನಾವು ಎಂಟು ಜನ, ಎಂಟು ಕುಲ. ನಾನು ಕೊಲಾಪಿ, ಇವನ ಅಪ್ಪನ್ನ ಕೊಂದದ್ದು ನಮ್ಮೋರು, ಅವನ ಊರು ಸುಟ್ಟಿದ್ದು ಇವನ ಕುಲದೋರು. ನಮ್ಮ ನಮ್ಮಲ್ಲೇ ಒಗ್ಗಟ್ಟಿಲ್ಲ. ಕೇಳೋದಾದ್ರೆ ನಮ್ಮ ಹೆಗಲ ಮೇಲೆ ಕೇಳಿ."

ಮುದುಕ ಅಡಿಕೆ ಉಗುಳಿದ. "ಅದು ನ್ಯಾಯ," ಎಂದ.

ಪೆಟ್ಟಿಗೆ ಹೊರಗೆ ಬಂತು. ಎಂಟು ಜನ ನಾಲ್ಕು ನಾಲ್ಕಾಗಿ ಅದನ್ನು ಹೆಗಲಿಗೇರಿಸಿದರು. ಹೆಂಗಸರ ಅಳು ನಿಂತಿತು. ಕೈಪಾಸ್ ಪೆಟ್ಟಿಗೆಯ ಮುಂದೆ ಬಂದು, ಮಚ್ಚನ್ನು ನೆಲಕ್ಕೂರಿ, ಮಗುವಿನ ಹಾಗೆ ಬಿಕ್ಕುತ್ತ ಕೇಳಿದ: "ದೊಡ್ಡವ್ವ, ನಿನ್ನ ಗುಂಡಿಗೆ ತಿಂದೋರು ಯಾರು? ನನ್ನ ಮಗೂನ ತಿಂದೋರು ಯಾರು? ಅವರ ಹತ್ರ ಹೋಗು."

ಪೆಟ್ಟಿಗೆ ಅಲುಗಲಿಲ್ಲ. ಆಮೇಲೆ ಪೆಟ್ಟಿಗೆ ಎಡಕ್ಕೆ ವಾಲಿತು, ತೂಗಿತು, ಒಂದು ಹೆಜ್ಜೆ ಮುಂದಿಟ್ಟಿತು. ಇನ್ನೊಂದು. ನೇರವಾಗಿ ಗಾಳಿಮರದ ಕಡೆ ಬಂತು.

ಅಂಗಳವೆಲ್ಲ ಒಂದೇ ಬಾಯಾಗಿ ಕೂಗಿತು. "ತೋರ್ಸಿದ್ಲು! ತೋರ್ಸಿದ್ಲು!"

ನೆಂಬಾರೆ ಬರುತ್ತಿದ್ದ ಪೆಟ್ಟಿಗೆಯನ್ನೇ ನೋಡಿದಳು. ಹಾಗಾದರೆ ನಿಜವೇ. ಮೂರು ವರ್ಷ ತಾನು ಹೊತ್ತು ತಂದ ಗೆಣಸು ತಿಂದ ಹುಡುಗರು, ಅವರ ಹೆಗಲ ಮೇಲೆ ತಾನು ಉಣಿಸಿದ ಸವತಿ, ಎಲ್ಲರೂ ಸೇರಿ ತನ್ನನ್ನೇ ತೋರಿಸುತ್ತಿದ್ದಾರೆ. ಪೆಟ್ಟಿಗೆ ಬಂದು ಅವಳ ತಲೆಯ ಮೇಲೇ ನಿಂತಿತು. ಬಿಸಿಲು ಮರೆಯಾಗಿ ನೆರಳಾಯಿತು. ಹಸಿ ಹಲಗೆಯ ವಾಸನೆ ಬಂತು.

ಹಿಂದಿನ ಸಾಲಿನ ಒಬ್ಬ ಕ್ಷಣಕಾಲ ಹೆಗಲು ಬಿಡಿಸಿಕೊಂಡು ಕುಕ್ಕರಿಸಿ ಸಣ್ಣ ಚಾಕುವಿನಿಂದ ಹಗ್ಗ ಕೊಯ್ದ. ಬೆನೆಡಿಕ್ಟ್ ತುಟಿ ಅಲುಗಿಸದೆ ಹೇಳಿದ: "ಅಮ್ಮಾ, ಏಳು. ಬಗ್ಗಿಕೊಂಡೇ ನಡಿ. ನಿಲ್ಲಬೇಡ. ಪೆಟ್ಟಿಗೆ ಬಿಟ್ಟು ಹೊರಗೆ ಬರಬೇಡ."

ಅವಳು ಎದ್ದಳು. ಎಂಟು ಜೊತೆ ಕಾಲುಗಳ ನಡುವೆ, ಸತ್ತವಳ ಕೆಳಗೆ, ಮುರಿದ ಕೈಯನ್ನು ಇನ್ನೊಂದರಲ್ಲಿ ಹಿಡಿದು ನಡೆದಳು. ಏನಾಗುತ್ತಿದೆಯೆಂದು ಜನಕ್ಕೆ ತಿಳಿಯುವಷ್ಟರಲ್ಲಿ ಪೆಟ್ಟಿಗೆ ಬೆಂಕಿಯನ್ನು ದಾಟಿ ಬೇಲಿಯ ಬಾಯಿಗೆ ಬಂದಿತ್ತು.

"ನಿಲ್ಲಿಸ್ರೋ! ಅವಳನ್ನ ಹೊತ್ಕೊಂಡು ಹೋಗ್ತಿದಾರೆ!"

ತರುಣರು ಓಡಿ ಬಂದು ದಾರಿಗೆ ಅಡ್ಡ ನಿಂತರು. ಮಚ್ಚುಗಳು ಎದ್ದವು, ಎದ್ದಲ್ಲೇ ನಿಂತವು. ಸ್ವಂತ ಕುಲದ ಹೆಣದ ಪೆಟ್ಟಿಗೆಗೆ ಅಲಗು ತಾಗಿದರೆ ಕೈ ಕೊಳೆಯುತ್ತದೆ ಎಂದು ಎಲ್ಲರೂ ಬಲ್ಲರು. ಕಲ್ಲು ಬೀಸಿದರೂ ಪೆಟ್ಟಿಗೆಗೇ ಬೀಳಬಹುದು. ಹೊರುವವರು ನಿಲ್ಲಲಿಲ್ಲ. ಒಬ್ಬನ ಮುಖಕ್ಕೆ ಗೂಟದ ಏಟು ಬಿತ್ತು. ಬಾಯಿಂದ ರಕ್ತ ಉಗುಳಿ ಅವನು ಜಪಸರದ ಪ್ರಾರ್ಥನೆ ಹೇಳುತ್ತ ನಡೆದ.

ಕೈಪಾಸ್ ಎಲ್ಲರನ್ನೂ ತಳ್ಳಿ ಮುಂದೆ ಬಂದ. ಪೆಟ್ಟಿಗೆಯನ್ನು ನೋಡಿದ, ಅದರ ಕೆಳಗಿನ ಹೆಂಗಸನ್ನು ನೋಡಿದ, ಮೂಲೆ ಹೊತ್ತ ಕೊಲಾಪಿಯನ್ನು ನೋಡಿದ. ಮಚ್ಚು ಬೆನೆಡಿಕ್ಟನ ಖಾಲಿ ಹೆಗಲ ಮೇಲೆ ಇಳಿಯಿತು.

ಬಿಳಿ ಬಟ್ಟೆ ಸೊಂಟದವರೆಗೆ ಕೆಂಪಾಯಿತು. ಹುಡುಗನ ಒಂದು ಮೊಣಕಾಲು ನೆಲಕ್ಕೆ ತಾಗಿತು. ಪೆಟ್ಟಿಗೆಯ ಮುಂದಿನ ಮೂಲೆ ಕುಸಿದು ಇನ್ನೇನು ಜಾರಬೇಕು, ಅಷ್ಟರಲ್ಲಿ ಕೆಳಗಿದ್ದ ನೆಂಬಾರೆ ತನ್ನ ಹೆಗಲನ್ನು ಹಲಗೆಗೆ ಕೊಟ್ಟಳು. ವಾರವಾರವೂ ಗೆಣಸು ಹೊತ್ತ ಬೆನ್ನು. ಹಲ್ಲು ಕಚ್ಚಿ ಮೇಲಕ್ಕೆತ್ತಿದಳು.

"ಏಳೋ ಮಗಾ," ಎಂದಳು. "ಇವಳು ಭಾರ ಇದಾಳೆ. ನನ್ನೊಬ್ಬಳ ಕೈಲಾಗಲ್ಲ."

ಅವನು ಎದ್ದ. ಅವಳ ಮುಖ ಈಗ ಪೆಟ್ಟಿಗೆಯ ಹೊರಗಿತ್ತು, ಕೈಪಾಸ್‌ಗೆ ಒಂದು ಮೊಳ ದೂರದಲ್ಲಿ. ಹೊಡೆಯಬೇಕೆಂದಿದ್ದರೆ ಹೊಡೆಯಬಹುದಿತ್ತು. ಅವಳು ನೆಲ ನೋಡಲಿಲ್ಲ.

"ನಿನ್ನ ಮಗಳು ಗೆಣಸಿನ ಸಿಪ್ಪೆ ತಿಂತಿರಲಿಲ್ಲ ಕಣೋ," ಎಂದಳು. "ದಿನಾ ನಾನೇ ಸುಲಿದು ಕೊಡ್ತಿದ್ದೆ."

ಕೈಪಾಸ್‌ನ ಮಚ್ಚು ಹಿಡಿದ ಕೈ ಮೇಲೇಳಲಿಲ್ಲ, ಕೆಳಗೂ ಇಳಿಯಲಿಲ್ಲ. ಹಾಗೇ ನಿಂತ. ಅವನನ್ನು ಬಳಸಿಕೊಂಡು ಪೆಟ್ಟಿಗೆ ಇಳಿಜಾರಿಗೆ ಹೋಯಿತು.

ತೂಗುಸೇತುವೆ ಅಷ್ಟು ಜನರನ್ನು ಒಟ್ಟಿಗೆ ತಾಳುವಂಥದಲ್ಲ. ನಾಲ್ಕು ಜನ ಪೆಟ್ಟಿಗೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ದಾಟಿಸಿದರು. ನೆಂಬಾರೆ ಅದರ ಹಿಂದೆ, ಬೆನೆಡಿಕ್ಟ್ ಒಬ್ಬನ ಬೆನ್ನ ಮೇಲೆ. ಹಿಂದಿನಿಂದ ಕಲ್ಲುಗಳು ಬಂದು ನೀರಿಗೆ ಬಿದ್ದವು. ಒಂದು ಅವಳ ಬೆನ್ನಿಗೂ ತಾಗಿತು.

ಮಠದ ಕಡೆಯ ದಡದಲ್ಲಿ ಬೆನೆಡಿಕ್ಟನನ್ನು ಹುಲ್ಲಿನ ಮೇಲೆ ಮಲಗಿಸಿ, ಒಬ್ಬ ತನ್ನ ನಿಲುವಂಗಿ ಹರಿದು ಗಾಯಕ್ಕೆ ತುರುಕಿದ. ಮೂಳೆ ಕಾಣುತ್ತಿತ್ತು. ಮಠದ ಗಾಡಿ ತರಲು ಇಬ್ಬರು ಓಡಿದರು. ನೆಂಬಾರೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಪೆಟ್ಟಿಗೆನ ನನ್ನ ಕಡೆ ನಡೆಸಿದ್ದು ನೀನೇನಾ?"

"ನಾನು ಮುಂದಿದ್ದೆ, ತಿರುಗಿಸಿದೆ." ಅವನ ತುಟಿ ಬಿಳಿಚಿತ್ತು. "ಆದ್ರೆ ಹಿಂದಿನಿಂದ ಜೋರಾಗಿ ತಳ್ಳಿದ್ರಲ್ಲ... ಯಾರೋ ಗೊತ್ತಿಲ್ಲ."

"ನಾವು ತಳ್ಳಲಿಲ್ಲ," ಎಂದ ಹಿಂದಿದ್ದವನು. "ನೀನು ಎಳೀತಿದೀಯ ಅಂದ್ಕೊಂಡ್ವಿ."

ಅವಳು ಪೆಟ್ಟಿಗೆಯ ಕಡೆ ನೋಡಿದಳು.

ಊರಿನ ದಡದಿಂದ ಕೊಡಲಿಯ ಸದ್ದು ಬಂತು. ತರುಣರು ಸೇತುವೆಯ ಕಂಬ ಕಡಿಯುತ್ತಿದ್ದರು. ನಾಲ್ಕಾರು ಏಟಿಗೆ ತಂತಿ ಸಡಿಲಾಗಿ ಹಾವಿನ ಹಾಗೆ ಗಾಳಿಯಲ್ಲಿ ಸುಳಿಯಿತು. ಹಲಗೆಗಳೆಲ್ಲ ಒಂದರ ಹಿಂದೊಂದು ಹೊಳೆಗೆ ಕಳಚಿಕೊಂಡವು. ಅವಳ ಮನೆ ಅಲ್ಲಿತ್ತು. ಎರಡು ಹಂದಿ, ಹೊಳೆ ಬದಿಯ ತೋಟ, ಅಗೆಯಬೇಕಾದ ಗೆಣಸು, ಎಲ್ಲ ಅಲ್ಲಿತ್ತು.

ಗಂಡಸರು ಹೋದ ಮೇಲೆ ಗುಡ್ಡದ ದಾರಿಯಲ್ಲಿ ಯಾರೋ ಇಳಿಯುವುದು ಕಾಣಿಸಿತು. ಒಬ್ಬಳು, ಆಮೇಲೆ ಇಬ್ಬರು, ಆಮೇಲೆ ಸಾಲಾಗಿ. ಮಣ್ಣು ಮೆತ್ತಿದ ಮುಖಗಳಲ್ಲಿ ತಿಂದಿವಿ ಯಾರೆಂದು ಅಷ್ಟು ದೂರಕ್ಕೆ ಗುರುತಾಗಲಿಲ್ಲ. ಅವರು ಬಂದು ಕಡಿದ ಕಂಬಗಳ ಬುಡದಲ್ಲಿ, ನೀರಿನ ಅಂಚಿಗೆ, ಈಚೆಗೆ ಮುಖ ಮಾಡಿ ಕೂತರು. ಒಬ್ಬಳು ದನಿಯೆತ್ತಿ ವಂದಾಮೆಯ ಹೆಸರು ಹಿಡಿದು ಅಳತೊಡಗಿದಳು. ಉಳಿದವರು ಸೇರಿಕೊಂಡರು. ಹೊಳೆಯ ಮೊರೆತದಲ್ಲಿ ಮಾತು ಕೇಳುತ್ತಿರಲಿಲ್ಲ, ರಾಗ ಮಾತ್ರ ಬರುತ್ತಿತ್ತು. ಸಾವಿನ ಹಾಡಿನಲ್ಲಿ ಒಂದು ಸಾಲನ್ನು ಸತ್ತವರ ಮನೆಯವರು ಹೇಳಬೇಕು. ಆ ಸಾಲಿಗೆ ಬಂದಾಗ ಹೆಂಗಸರು ನಿಲ್ಲಿಸಿ ಕಾದರು.

ನೆಂಬಾರೆ ಹುಡುಗನ ತಲೆಯನ್ನು ಮೆಲ್ಲನೆ ಹುಲ್ಲಿಗಿಳಿಸಿ, ಎದ್ದು ನೀರಿನವರೆಗೆ ನಡೆದು, ತನ್ನ ಸಾಲನ್ನು ಆಚೆ ದಡಕ್ಕೆ ಕೂಗಿ ಹೇಳಿದಳು.